ಒಂದೇ ಬಳಗದ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳ ಸೈಟ್‌ಗಳು ಒಂದೇ ಥರ ಕಾಣಲು ಏನು ಮಾಡಬೇಕು?

ಸೈಟ್‌ನ ಬಣ್ಣ, ಅಕ್ಷರ, ಜೋಡಣೆ ಹೇಗಿರಬೇಕೆಂದು ಹೇಳುವ ಸಿಎಸ್ಎಸ್ ಫೈಲನ್ನು ಎಲ್ಲ ರೆಪೊಗಳಿಗೂ (ಪ್ರತಿ ಪ್ರಾಜೆಕ್ಟ್‌ನ ಕೋಡ್ ಇರುವ ಜಾಗಗಳಿಗೂ) ಕಾಪಿ ಮಾಡಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಮೊದಲ ದಿನ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಒಬ್ಬರು ಇಲ್ಲಿ ಬಣ್ಣ ತಿದ್ದುತ್ತಾರೆ, ಇನ್ನೊಬ್ಬರು ಅಲ್ಲಿ ಮೆನು ಬದಲಿಸುತ್ತಾರೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.

ನಂಪೈ, ಸೈಪೈ, ಪಾಂಡಾಸ್ ಎಂಬ ಪೈಥಾನ್ ಲೈಬ್ರರಿಗಳ ಡಾಕ್ಯುಮೆಂಟೇಶನ್ ಪುಟಗಳನ್ನು ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿ. ಮೇಲಿನ ಪಟ್ಟಿ, ಪಕ್ಕದ ಮೆನು ಎಲ್ಲ ಒಂದೇ ಅಚ್ಚಿನವು, ಅಲ್ವಾ? ಮೂರೂ ಸ್ಫಿಂಕ್ಸ್ ಎಂಬ ಡಾಕ್ಯುಮೆಂಟೇಶನ್ ಟೂಲ್‌ನಲ್ಲಿ ತಯಾರಾಗುತ್ತವೆ, ಮೂರಕ್ಕೂ ಪೈಡೇಟಾ ಸ್ಫಿಂಕ್ಸ್ ಥೀಮ್, ಅಂದರೆ ಪುಟಗಳ ರೂಪ ತೀರ್ಮಾನಿಸುವ ಸಿದ್ಧ ವಿನ್ಯಾಸ, ಇದೆ. ಮುಖ್ಯ ವಿಷಯ ಏನೆಂದರೆ, ಈ ಥೀಮ್ ಸುಮ್ನೆ ಒಂದು ಫೋಲ್ಡರ್ ಅಲ್ಲ. ಪಿಪ್ ಎಂಬ ಪೈಥಾನ್ ಇನ್‌ಸ್ಟಾಲರ್‌ನಿಂದ ಹಾಕಿಕೊಳ್ಳುವ, ವರ್ಶನ್ ನಂಬರ್ ಇರುವ ಪ್ಯಾಕೇಜ್. ಮೊಬೈಲ್‌ನಲ್ಲಿ ಮೆನು ಕೆಟ್ಟರೆ ಒಂದೇ ಕಡೆ ಸರಿಮಾಡಿದರಾಯಿತು. ಉಳಿದವರು ವರ್ಶನ್ ಏರಿಸಿಕೊಳ್ಳುತ್ತಾರೆ.

ಹಾಗಂತ ಎಲ್ಲರ ಮುಖವೂ ಒಂದೇ ಆಗಬೇಕಿಲ್ಲ. ಲೋಗೊ ಬೇರೆ ಇರಲಿ. ಬಣ್ಣಗಳನ್ನು ಸಿಎಸ್ಎಸ್ ವೇರಿಯಬಲ್‌ಗಳಲ್ಲಿ (ಬಣ್ಣದಂಥ ಬೆಲೆಗಳಿಗೆ ಥೀಮ್ ಕೊಟ್ಟಿರುವ ಹೆಸರುಗಳಲ್ಲಿ) ಬದಲಿಸಿ. ಥೀಮ್‌ನ ಒಳಗಿನ ಕ್ಲಾಸ್‌ಗಳನ್ನು (ಪುಟದ ಭಾಗಗಳಿಗೆ ಅದು ಇಟ್ಟಿರುವ ಗುರುತಿನ ಹೆಸರುಗಳನ್ನು) ಹಿಡಿದು ತಿದ್ದಲು ಹೋದರೆ ಮುಂದಿನ ವರ್ಶನ್‌ನಲ್ಲಿ ಎಲ್ಲ ಕಲಸಿಹೋಗಬಹುದು. ನನ್ನ ಪ್ರಕಾರ ಜಾಸ್ತಿ ತಲೆನೋವು ಕೊಡುವುದು ಇದೇ.

ಗ್ರಾಫ್ ಬಿಡಿಸುವ ಪೈಥಾನ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪೈಡೇಟಾ ಥೀಮ್ ಮೇಲೆ ತಮ್ಮದೇ ತೆಳು ಥೀಮ್ ಕಟ್ಟಿ, ಮೇಲಿನ ಮೆನುವನ್ನೂ ಅದರಲ್ಲೇ ಇಟ್ಟರು. ನಿಮ್ಮದು ನಾಲ್ಕೈದು ಪ್ರಾಜೆಕ್ಟ್ ಇದ್ದರೆ ಇದನ್ನೇ ಮಾಡಿ. ಆದರೆ ಪ್ರತಿ ರೆಪೊದಲ್ಲೂ ಥೀಮ್‌ನ ಇಂಥದ್ದೇ ವರ್ಶನ್ ಬೇಕು ಎಂದು ಬರೆದು ಕಟ್ಟಿಹಾಕಿ. ಇಲ್ಲದಿದ್ದರೆ ಯಾರೂ ಮುಟ್ಟದ ಸೈಟ್ ಕೂಡ ಒಂದು ದಿನ ತಾನೇ ಬದಲಾಗಿರುತ್ತದೆ.