ಗ್ಯಾಸ್ ಯಾಕೆ ಬೇಗ ಮುಗಿಯುತ್ತಿದೆ?

ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಎಳೆ ಮಗು ಇರುವ ಮನೆಗಳಿಂದ ಬರುವ ಜಗಳಗಳಲ್ಲಿ ಬಾಟಲಿ ಕುದಿಸುವ ವಿಷಯ ಈಚೆಗೆ ಪದೇ ಪದೇ ಬರುತ್ತಿದೆ. ಅಂಥ ಒಂದು ಮನೆಯದ್ದನ್ನು ಇಲ್ಲಿ ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ನಾಲ್ಕು ತಿಂಗಳ ಮಗು. ಎದೆಹಾಲು ಸಾಲದೆ, ಡಾಕ್ಟರ್ ಹೇಳಿದ ಮೇಲೆ ಪುಡಿ ಹಾಲು ಶುರು ಮಾಡಿದ್ದರು. ಎರಡನೇ ತಿಂಗಳಲ್ಲಿ ಮಗುವಿಗೆ ಭೇದಿಯಾಗಿ ಆಸ್ಪತ್ರೆ ಸೇರಿಸಬೇಕಾಯಿತು. ಅಲ್ಲಿಂದ ತಾಯಿ ಬಾಟಲಿ ಕುದಿಸುವುದನ್ನು ವ್ರತದ ಹಾಗೆ ಹಿಡಿದರು. ಗಂಡ ಖರ್ಚಿನ ಪುಸ್ತಕ ಹಿಡಿದರು. "ಇವಳಿಗೆ ಏನೋ ಭಯದ ಕಾಯಿಲೆ ಮೇಡಂ" ಎಂದು ಕರೆತಂದವರೂ ಅವರೇ. ಜೊತೆಗೆ ಅತ್ತೆ ಬಂದಿದ್ದರು.

ಹೆರಿಗೆ ನಂತರದ ಖಿನ್ನತೆ, ಆತಂಕದ ಲಕ್ಷಣ ಇದೆಯಾ ಎಂದು ನಾನು ಮೊದಲು ಕೇಳಿಯೇ ಕೇಳುತ್ತೇನೆ. ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು, ಕೈ ತೊಳೆದಷ್ಟೂ ಸಮಾಧಾನವಾಗದಿರುವುದು, ಸುಮ್ನೆ ಸುಮ್ನೆ ಅಳು ಬರುವುದು ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಇಲ್ಲಿ ಅಂಥದ್ದು ಕಾಣಲಿಲ್ಲ. ಆಕೆ ದಿನಕ್ಕೆ ಮೂರು ಸಲ ಕುದಿಸುತ್ತಿದ್ದರು. ಜಾಸ್ತಿಯೇ ಇರಬಹುದು, ಕಾಯಿಲೆ ಅನ್ನಲಾಗದು.

ಎರಡನೇ ಭೇಟಿಯಲ್ಲಿ ಗಂಡ ಪುಸ್ತಕ ತೆಗೆದು ಓದಿದರು. ಮೊದಲು 50 ದಿನ ಬರುತ್ತಿದ್ದ ಸಿಲಿಂಡರ್ ಈಗ 30 ದಿನಕ್ಕೆ ಖಾಲಿ. ನಾನು ಹಾಳೆ ತೆಗೆದುಕೊಂಡು ಲೆಕ್ಕ ಹಾಕಲು ಕೂತೆ. ಆಪ್ತಸಲಹೆಗಾರ್ತಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ದುಡ್ಡಿನ ಹೆಸರಲ್ಲಿ ಜಗಳ ಬಂದರೆ ಮೊದಲು ದುಡ್ಡಿನ ಲೆಕ್ಕವನ್ನೇ ಮುಗಿಸಬೇಕು ಅನ್ನುವವಳು ನಾನು. ಅದು ಮುಗಿಯದೆ ಮನಸ್ಸಿನ ಮಾತು ಎತ್ತಿದರೆ, ಪುಸ್ತಕ ಹಿಡಿದವರು ಅದನ್ನು ಮಡಚುವುದೇ ಇಲ್ಲ.

ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸ್. 50 ದಿನ ಬಂದರೆ ದಿನಕ್ಕೆ ಸುಮಾರು 284 ಗ್ರಾಂ. 30 ದಿನ ಬಂದರೆ 473. ಅಂದರೆ ದಿನಕ್ಕೆ 190 ಗ್ರಾಂ ಹೆಚ್ಚುವರಿ. ಎರಡು ಲೀಟರ್ ನೀರು ಕುದಿ ಬಂದು, ಮೇಲೆ ಹತ್ತು ನಿಮಿಷ ಕೊತಕೊತ ಕುದಿಯಲು 40 ಗ್ರಾಂ ಆಸುಪಾಸು ಬೇಕು. ಮೂರು ಸಲಕ್ಕೆ 120. ಆಗ ಸಿಲಿಂಡರ್ ಬೆಲೆ 850 ರೂಪಾಯಿ ಸುತ್ತಮುತ್ತ ಇತ್ತು, ಕೆಜಿಗೆ 60 ಅಂದುಕೊಳ್ಳಿ. ಆಕೆ ಕುದಿಸುವ ಖರ್ಚು ದಿನಕ್ಕೆ ಏಳು ರೂಪಾಯಿ.

"ಇನ್ನೂ 70 ಗ್ರಾಂ ಉಳೀತಲ್ಲ, ಅದೆಲ್ಲಿ ಹೋಯಿತು?" ಅಂದೆ.

ಗಂಡ ಹೆಂಡತಿಯ ಕಡೆ ನೋಡಿದರು. ಆಕೆ "ನಾನು ಮೂರೇ ಸಲ" ಅಂದರು. ಅಲ್ಲಿಯವರೆಗೆ ಸೆರಗಿನ ತುದಿ ಸುತ್ತುತ್ತಾ ಕೂತಿದ್ದ ಅತ್ತೆ ಮೆಲ್ಲಗೆ ಹೇಳಿದರು: "ಅವಳು ಮಲಗಿದ ಮೇಲೆ ನಾನೂ ಕುದಿಸ್ತೀನಿ ಕಣೋ. ಬೆಳಗ್ಗೆ ಒಂದ್ಸಲ, ರಾತ್ರಿ ಒಂದ್ಸಲ. ಆವತ್ತು ಆಸ್ಪತ್ರೆಗೆ ಹಾಕೋ ಮುಂಚೆ ಬಾಟ್ಲಿ ತೊಳೆದಿದ್ದು ನಾನೇ ಅಲ್ವಾ."

ಸೊಸೆ ಅತ್ತೆಯ ಕಡೆ ತಿರುಗಿದರು. "ಅದಕ್ಕೇನಾ ಅತ್ತೆ, ನಿಪ್ಪಲ್ ಅಷ್ಟು ಬೇಗ ಅಂಟಂಟಾಗ್ತಿದ್ದಿದ್ದು? ಅಂಗಡಿಯವನು ಮೋಸ ಮಾಡಿದ ಅಂತ ಬೈದುಕೊಂಡಿದ್ದೆ."

ಒಂದೇ ಭಯಕ್ಕೆ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಅದೇ ಬಾಟಲಿ ಕುದಿಸುತ್ತಿದ್ದರು. ಲೆಕ್ಕ ಮಾತ್ರ ಸೊಸೆಯ ಹೆಸರಿಗೆ ಬರೆಯಲಾಗಿತ್ತು.

ಮಗುವಿನ ಡಾಕ್ಟರನ್ನು ಕೇಳಿ ಬನ್ನಿ ಎಂದು ಕಳಿಸಿದೆ. ತುಂಬು ತಿಂಗಳಿಗೆ ಹುಟ್ಟಿದ, ತೂಕ ಸರಿಯಿರುವ ಮಗು. ಪ್ರತಿ ಸಲ ತಕ್ಷಣ ಸೋಪು, ಬ್ರಷ್ ಹಾಕಿ ಚೆನ್ನಾಗಿ ತೊಳೆದರೆ ದಿನಕ್ಕೊಮ್ಮೆ ಕುದಿಸಿದರೆ ಸಾಕು ಅಂದರಂತೆ. ಅವಧಿಗೆ ಮುಂಚೆ ಹುಟ್ಟಿದ ಅಥವಾ ಎರಡು ತಿಂಗಳೊಳಗಿನ ಮಗುವಿನ ಮನೆಯವರು ಇದನ್ನು ಓದಿ ಕಡಿಮೆ ಮಾಡಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ. ಇನ್ನೂ ಎರಡು ಬಾಟಲಿ ಕೊಂಡು ನಾಲ್ಕನ್ನೂ ಒಟ್ಟಿಗೆ, ಮುಚ್ಚಳ ಮುಚ್ಚಿ ಕುದಿಸಿ ಅಂದೆ. ಪಾತ್ರೆ ದೊಡ್ಡದಾದರೂ ತಿಂಗಳಿಗೆ ನೂರು ರೂಪಾಯಿ ಗ್ಯಾಸು. ಹಗಲಲ್ಲಿ ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು, ಬಳಸಿ ಅಂತಲೂ ಹೇಳಿದೆ. ಅದಕ್ಕೆ ನಿಪ್ಪಲ್ ಇಲ್ಲ, ಕೊಳೆ ಕೂರುವ ಸಂದಿಯಿಲ್ಲ. ಅತ್ತೆಗೆ ಇದು ಬಹಳ ಹಿಡಿಸಿತು.

ಗಂಡನಿಗೆ ಕರೆಂಟಿನ ಸ್ಟೆರಿಲೈಸರ್ ಕೊಳ್ಳುವ ಆಸೆ. 500 ವ್ಯಾಟಿನದ್ದು ಹತ್ತು ನಿಮಿಷ ಓಡಿದರೆ ಯೂನಿಟ್ಟಿನ ಹತ್ತನೇ ಒಂದು ಭಾಗವೂ ಆಗದು, ಅರ್ಧ ರೂಪಾಯಿಯ ಮಾತು. ಆದರೆ 2,500 ಕೊಟ್ಟು ಕೊಂಡರೆ ಆ ದುಡ್ಡು ಗ್ಯಾಸಿನ ಉಳಿತಾಯದಲ್ಲಿ ವಾಪಸ್ ಬರುವಷ್ಟರಲ್ಲಿ ಮಗು ಅಂಗನವಾಡಿಗೆ ಹೋಗುತ್ತಿರುತ್ತದೆ. ಬೋರ್‌ವೆಲ್ ನೀರಾದರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಅದನ್ನು ಉಜ್ಜುವ ಕೆಲಸ ಬೇರೆ. ಕೈ ಬಿಡುವಿಲ್ಲದ ಮನೆಗೆ ಅದು ಅನುಕೂಲ. ಉಳಿತಾಯ ಆಗುತ್ತದೆ ಎಂದು ಮಾತ್ರ ಕೊಳ್ಳಬೇಡಿ.

ಕುದಿಸುವ ಕೆಲಸವನ್ನು ಗಂಡನಿಗೇ ಕೊಟ್ಟೆ. ರಾತ್ರಿ ಊಟವಾದ ಮೇಲೆ, ದಿನಾ. ಇದು ಶಿಕ್ಷೆಯಲ್ಲವಾ ಎಂದು ಪರಿಚಯದವರೊಬ್ಬರು ಕೇಳಿದರು. ಗ್ಯಾಸ್ ಎಷ್ಟು ಉರಿಯಿತು ಎಂದು ಬರೆಯುವವರಿಗೆ ಅದರ ಮುಂದೆ ಅರ್ಧ ಗಂಟೆ ಯಾರು ನಿಂತರು ಅನ್ನುವುದೂ ಗೊತ್ತಿರಲಿ, ಅಷ್ಟೇ. ಎದೆಹಾಲೇ ಕೊಡಿ ಎಂದು ಯಾಕೆ ಹೇಳಲಿಲ್ಲ ಅನ್ನುವವರೂ ಇದ್ದಾರೆ. ಅದೇ ಶ್ರೇಷ್ಠ ಎಂದು ಪುಡಿ ಹಾಲಿನ ಡಬ್ಬಿಯ ಮೇಲೆಯೇ ಅಚ್ಚು ಹಾಕಬೇಕು. 1992ರ ಕಾನೂನು ಇದೆ. ಡಬ್ಬಿ ತೆರೆದಾಗಲೆಲ್ಲ ಆಕೆ ಓದುತ್ತಿದ್ದ ಸಾಲನ್ನು ನಾನೂ ಹೇಳುವುದು ಬೇಕಿರಲಿಲ್ಲ.

ಆಮೇಲೆ ಆಕೆ ಒಮ್ಮೆ ಫೋನ್ ಮಾಡಿದ್ದರು. ಅತ್ತೆ ಈಗಲೂ ಅಪರೂಪಕ್ಕೆ ಇನ್ನೊಂದು ಸಲ ಕುದಿಸುತ್ತಾರಂತೆ. ಹೇಳಿ ಕುದಿಸುತ್ತಾರಂತೆ.