ಪಟ್ಟೆ ಬೆಕ್ಕಿಗೆ ಕರಿಮರಿ ಹೇಗೆ ಹುಟ್ಟಿತು?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಸೊಸೈಟಿಯ ಪಟ್ಟೆ ಬೆಕ್ಕು ನಮ್ಮ ಬಾಲ್ಕನಿಯಲ್ಲಿ ಮೂರು ಮರಿ ಹಾಕಿದೆ. ಎರಡು ತಾಯಿಯ ಹಾಗೇ ಇವೆ, ಒಂದು ಪೂರ್ತಿ ಕಪ್ಪು. ಇಲ್ಲಿ ಓಡಾಡುವ ಗಂಡು ಬೆಕ್ಕಿಗೂ ಪಟ್ಟೆಯೇ. ಕರಿಮರಿ ಬಿಸಿಲಿಗೆ ಬಂದರೆ ಅದರ ಮೈಮೇಲೂ ಮಸುಕಾಗಿ ಪಟ್ಟೆ ಕಾಣುತ್ತದೆ! ಪಕ್ಕದ ಮನೆಯ ಕಾಕು ‘ಕಾಳಿ ಮಾಂಜರ್’ (ಕರಿ ಬೆಕ್ಕು) ಅಶುಭ, ಎಲ್ಲಾದರೂ ದೂರ ಬಿಟ್ಟು ಬನ್ನಿ ಅನ್ನುತ್ತಾರೆ.

ಉತ್ತರ: ದಯವಿಟ್ಟು ಬಿಡಬೇಡಿ. ತಾಯಿ ಹಾಲು ಕುಡಿಯುವ ಮರಿ ಹೊರಗೆ ಬದುಕುವುದು ಬಹಳ ಕಷ್ಟ. ಅದು ಕಪ್ಪಾಗಿರುವುದಕ್ಕೆ ಕಾರಣ ಅದರ ಕೂದಲಲ್ಲೇ ಇದೆ.

ಮೊದಲು ತಾಯಿ ಬೆಕ್ಕಿನ ಬೆನ್ನಿನಿಂದ ಉದುರಿದ ಒಂದು ಕೂದಲನ್ನು ಬಿಳಿ ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಪಟ್ಟೆಗಳ ನಡುವಿನ ತಿಳಿ ಜಾಗದ ಕೂದಲಾದರೆ ತುದಿ ಕಪ್ಪು, ಅದರ ಕೆಳಗೆ ಹಳದಿ, ಬುಡದ ಕಡೆ ಮತ್ತೆ ಗಾಢ. ಹೀಗೆ ಒಂದೇ ಕೂದಲಲ್ಲಿ ಬಣ್ಣ ಬದಲಾಗುವುದನ್ನೇ ಅಗೂಟಿ ಅನ್ನುತ್ತಾರೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿರುವ ಇಲಿಜಾತಿಯ ಪ್ರಾಣಿಯೊಂದರ ಹೆಸರು ಅದು. ಕಾಡುಮೊಲ, ಅಳಿಲು, ಮುಂಗುಸಿ, ತೋಳ, ಎಲ್ಲದರ ಮೈಯಲ್ಲೂ ಇಂಥ ಕೂದಲಿದೆ.

ಚಕ್ಕುಲಿ ಒರಳಿಗೆ ಮೊದಲು ರಾಗಿ ಹಿಟ್ಟು, ಮೇಲೆ ಕಡಲೆ ಹಿಟ್ಟು, ಅದರ ಮೇಲೆ ಮತ್ತೆ ರಾಗಿ ಹಿಟ್ಟು ತುಂಬಿ ಒತ್ತಿದರೆ ಹೇಗೆ ಬರುತ್ತದೆ? ಕೂದಲೂ ಹಾಗೇ, ಮೊದಲು ಹೊರಬರುವುದು ತುದಿ. ಬುಡದಲ್ಲಿರುವ ಬಣ್ಣದ ಕೋಶಗಳು ಆಗ ಕಪ್ಪು ತುಂಬುತ್ತಿರುತ್ತವೆ. ಸ್ವಲ್ಪ ಹೊತ್ತಿಗೆ ಅಗೂಟಿ ಜೀನ್‌ನಿಂದ ಒಂದು ಪ್ರೋಟೀನ್ ಬಂದು ‘ಕಪ್ಪು ಸಾಕು’ ಅನ್ನುತ್ತದೆ. ಕೋಶಗಳು ಹಳದಿಗೆ ತಿರುಗುತ್ತವೆ. ಪ್ರೋಟೀನ್ ನಿಂತರೆ ಮತ್ತೆ ಕಪ್ಪು. ಇಲಿಯಲ್ಲಿ ಈ ಜೀನ್ ಯಾವುದೆಂದು ಗುರುತಿಸಿದ್ದು 1992ರಲ್ಲಿ.

ನಿಮ್ಮ ಕರಿಮರಿಯಲ್ಲಿ ಆ ಜೀನ್ ಕೆಲಸ ಮಾಡುತ್ತಿಲ್ಲ. ಕಪ್ಪು ಬೆಕ್ಕುಗಳ ಅಗೂಟಿ ಜೀನ್‌ನಲ್ಲಿ ಡಿಎನ್‌ಎಯ ಎರಡೇ ಎರಡು ಅಕ್ಷರ ಕಳಚಿಹೋಗಿವೆ ಅಂತ 2003ರಲ್ಲಿ ಗೊತ್ತಾಯಿತು. ‘ಕಪ್ಪು ಸಾಕು’ ಅನ್ನುವವರೇ ಇಲ್ಲದ ಮೇಲೆ ಕೂದಲು ಬುಡದಿಂದ ತುದಿವರೆಗೆ ಕಪ್ಪು. ಎಷ್ಟು ಸಣ್ಣ ವಿಷಯ, ಅಲ್ವಾ? ನಮ್ಮ ಕಬಿನಿಯ ಕರಿ ಚಿರತೆಯ ಕಥೆಯೂ ಇಂಥದ್ದೇ. ಚಿರತೆಗಳು ಕಪ್ಪಾಗುವುದೂ ಇದೇ ಜೀನ್ ಕೆಟ್ಟಾಗ.

ಜೀನ್‌ನ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಒಂದು ಸರಿಯಿದ್ದರೂ ಪಟ್ಟೆ ಉಳಿಯುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಕಪ್ಪು. ಅಂದರೆ ನಿಮ್ಮ ಪಟ್ಟೆ ತಾಯಿಯೊಳಗೆ ಕೆಟ್ಟ ಪ್ರತಿ ಒಂದು ಇರಲೇಬೇಕು. ತಂದೆ ಆ ಪಟ್ಟೆ ಗಂಡೇ ಆಗಿದ್ದರೆ ಅವನಲ್ಲೂ ಇದೆ. ಅಂಥ ಜೋಡಿಗೆ ಹುಟ್ಟುವ ಪ್ರತಿ ಮರಿಯೂ ಕಪ್ಪಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಬೆಕ್ಕುಗಳಲ್ಲಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆ ಇರುವುದೂ ಉಂಟು. ಹಾಗಾಗಿ ಇವನೇ ಅಂತ ನಾನು ಹೇಳಲಾರೆ.

ಮಸುಕು ಪಟ್ಟೆ ನಿಮ್ಮ ಕಣ್ಣಿಗೆ ಬಿದ್ದದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಪಟ್ಟೆ ಎಲ್ಲಿ ಬರಬೇಕು ಅನ್ನುವುದನ್ನು ಬೇರೆ ಜೀನ್‌ಗಳು ನಿರ್ಧರಿಸುತ್ತವೆ, ಅವು ಕರಿಮರಿಯಲ್ಲೂ ಇವೆ. ನಡುವಿನ ತಿಳಿ ಜಾಗ ಕಪ್ಪಿನಿಂದ ತುಂಬಿದೆ, ಅಷ್ಟೇ. ದೊಡ್ಡದಾಗುತ್ತಾ ಆ ಗುರುತು ಸಾಮಾನ್ಯವಾಗಿ ಮಾಯವಾಗುತ್ತದೆ. ಕೇಸರಿ ಬೆಕ್ಕುಗಳ ಲೆಕ್ಕ ಬೇರೆ. ಅವುಗಳ ಕೇಸರಿ ಕೂದಲಲ್ಲಿ ಕಪ್ಪು ತಯಾರಾಗುವುದೇ ಇಲ್ಲ. ಅಗೂಟಿ ಜೀನ್ ಕೆಟ್ಟಿದ್ದರೂ ಪಟ್ಟೆ ಮುಚ್ಚಿಹೋಗುವುದಿಲ್ಲ.

ಕಾಕೂಗೆ ಆ ಪಟ್ಟೆಗಳನ್ನು ಬಿಸಿಲಲ್ಲಿ ತೋರಿಸಿ. ಮರಿಗಳು ಕನಿಷ್ಠ ಎಂಟು ವಾರ ತಾಯಿ ಜೊತೆಗಿರಲಿ. ಆಮೇಲೆ ಲಸಿಕೆ ಹಾಕಿಸಿ, ತಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ.

ಪ್ರಶ್ನೆ: ಪುಣೆಯಲ್ಲಿ ಮನೆ ಹತ್ತಿರದ ಟೇಕಡಿಯಲ್ಲಿ (ಗುಡ್ಡದಲ್ಲಿ) ಮುಂಗುಸಿ ನೋಡುತ್ತಿರುತ್ತೇನೆ. ಜಲವರ್ಣದಲ್ಲಿ ಬಿಡಿಸಲು ಹೋದರೆ ಬಣ್ಣ ಕೆಸರಾಗುತ್ತದೆ. ಆ ಶೇಡ್ ಹೇಗೆ ಕಲಸಬೇಕು?

ಉತ್ತರ: ಕಲಸಬೇಡಿ. ಅಲ್ಲೇ ತಪ್ಪುತ್ತಿರುವುದು. ಮುಂಗುಸಿಯ ಮೈ ಒಂದು ಬಣ್ಣದ್ದಲ್ಲ. ಪ್ರತಿ ಕೂದಲಲ್ಲೂ ತಿಳಿ, ಗಾಢ ಬಳೆಗಳಿವೆ. ದೂರದಿಂದ ನಮ್ಮ ಕಣ್ಣೇ ಅವನ್ನು ಬೆರೆಸಿ ಬೂದು ಅನ್ನುತ್ತದೆ. ಬಿಳಿ ಎಳ್ಳು, ಕರಿ ಎಳ್ಳು ಬೆರೆಸಿ ಹರಡಿದ ತಟ್ಟೆಯ ಹಾಗೆ. ಒಣಹುಲ್ಲಿನ ನಡುವೆ ಅದು ಚಟ್ಟನೆ ಕಣ್ಮರೆಯಾಗುವುದೂ ಇದರಿಂದಲೇ.

ಮೊದಲು ತಿಳಿ ಹಳದಿ ಮಣ್ಣಿನ ಬಣ್ಣ ತೆಳ್ಳಗೆ ಬಳಿದು ಪೂರ್ತಿ ಒಣಗಲು ಬಿಡಿ. ಆಮೇಲೆ ಗಾಢ ಕಂದಿನಲ್ಲಿ ಸಣ್ಣ ಸಣ್ಣ ಗೀರು ಎಳೆಯಿರಿ, ಕೂದಲು ಮಲಗಿರುವ ದಿಕ್ಕಿಗೇ. ಗೀರುಗಳ ನಡುವೆ ಹಳದಿ ಇಣುಕುತ್ತಿರಲಿ. ನೀರು ಜಾಸ್ತಿಯಾದರೆ ಮತ್ತೆ ಕೆಸರೇ. ಹೆಣೆಯುವವರೂ ಹೀಗೇ ಮಾಡಬಹುದು: ಕಂದು ಮತ್ತು ತಿಳಿ ಹಳದಿ ಉಲ್ಲನ್ ಎಳೆಗಳನ್ನು ಹುರಿಹಾಕಿ ಹೆಣೆದರೆ ಅದೇ ಛಾಯೆ ಬರುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಬ್ರಷ್ ಕೊಳ್ಳುವಾಗ ಅದರ ಕೂದಲಿನ ಮೇಲೆ ತಿಳಿ-ಗಾಢ ಬಳೆಗಳು ಕಂಡರೆ ಮುಟ್ಟಬೇಡಿ. ಅದು ಮುಂಗುಸಿಯ ಕೂದಲಿರಬಹುದು. ಅದಕ್ಕಾಗಿ ಮುಂಗುಸಿಗಳನ್ನು ಕೊಲ್ಲುತ್ತಾರೆ. ಆ ಬ್ರಷ್ ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಣ್ಣ ಗೀರಿಗೆ ನೈಲಾನ್‌ನ ಸೊನ್ನೆ ನಂಬರ್ ಬ್ರಷ್ ಸಾಕು.