"ಏಳು ದಿನ ಅಂಗಡಿ ಬಾಗ್ಲಾ ಹಾಕಿದ್ದು ನೆನಪೈತೇನ್ರೀ?"

(ಗುರುತು ಸಿಗಬಾರದೆಂದು ಊರು, ಕೆಲಸ, ವಯಸ್ಸುಗಳಲ್ಲಿ ಕೆಲವನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ನನ್ನ ಹತ್ತಿರ ಸಲಹೆಗೆ ಬಂದವರು ಹುಬ್ಬಳ್ಳಿಯ ದಂಪತಿ. ಗಂಡನಿಗೆ 44, ಮೋಟಾರ್ ಬಿಡಿಭಾಗಗಳ ಅಂಗಡಿ. ಆಕೆಗೆ 40, ಹೈಸ್ಕೂಲ್ ಶಿಕ್ಷಕಿ. ಮಗಳು ಒಂಬತ್ತನೇ ಕ್ಲಾಸು, ಮಗ ಐದನೇ ಕ್ಲಾಸು. ಮನೆಯಲ್ಲಿ ಮೊಣಕಾಲು ನೋವಿನ ಅತ್ತೆ. ಮೂರು ದಿನದಿಂದ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಬಂದು ಕುರ್ಚಿ ಎಳೆದುಕೊಂಡವರೇ ಗಂಡ ಕೇಳಿದ್ದು ಇದು: "ಮೇಡಂ, ಒಂದ್ ಬೆಡ್‌ರೂಮಿಂದು ತಗೋಬೇಕೋ, ಎರಡರದೋ? ನೀವ ಹೇಳ್ರಿ."

ಹಾಲಿಡೇ ಮೆಂಬರ್‌ಶಿಪ್ ವಿಷಯ. ಮೊದಲೇ ದುಡ್ಡು ಕಟ್ಟಿ, ಪ್ರತಿ ವರ್ಷ ಇಷ್ಟು ರಾತ್ರಿ ಅಂತ ಕಂಪನಿಯ ರೆಸಾರ್ಟ್‌ಗಳಲ್ಲಿ ಉಳಿಯುವ ಕರಾರು. ಟೈಮ್‌ಶೇರ್ ಅಂತಲೂ ಅನ್ನುತ್ತಾರೆ. ಮಾಲ್‌ನಲ್ಲಿ ಚೀಟಿ ತುಂಬಿದ್ದರು. "ನಿಮಗೆ ಗಿಫ್ಟ್ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಬೇಕು" ಎಂದು ಫೋನ್ ಬಂತು. ಹೋಟೆಲ್ ಹಾಲ್‌ನಲ್ಲಿ ಮೂರು ತಾಸು ಕೂತರು. ಮಕ್ಕಳಿಗೆ ಕಲರ್ ಪೆನ್ಸಿಲ್, ದೊಡ್ಡವರಿಗೆ ಟೀ. ಪಕ್ಕದ ಟೇಬಲ್‌ನವರು ಸಹಿ ಹಾಕಿದಾಗೆಲ್ಲ ಚಪ್ಪಾಳೆ. ಈ ರೇಟು ಇವತ್ತಿಗೆ ಮಾತ್ರ ಅಂದರು. ವರ್ಷಕ್ಕೆ ಏಳು ರಾತ್ರಿ, 25 ವರ್ಷ. ಎರಡು ಬೆಡ್‌ರೂಮಿನದು, ಜಾಸ್ತಿ ಬೇಡಿಕೆಯ ಸೀಸನ್‌ನದು, 11 ಲಕ್ಷ. ಒಂದು ಬೆಡ್‌ರೂಮಿನದು 5 ಲಕ್ಷ. ಇವರು 11 ಲಕ್ಷದ್ದಕ್ಕೆ ಕಾರ್ಡ್‌ನಲ್ಲಿ 1,10,000 ಕಟ್ಟಿ ಬಂದಿದ್ದರು.

ಆಕೆಯೂ ಸಹಿ ಹಾಕಿದ್ದರು. ಮನೆಗೆ ಬಂದ ಮೇಲೆ ಅತ್ತರು. ಆಮೇಲೆ ಜಗಳ ಬೇಡ ಅಂತ "ಸಣ್ಣದಾದ್ರ ತಗೋರಿ" ಅಂದರು. ಆಕೆಗೆ ಬೇಕಾಗಿದ್ದು ಒಂದು ಬೆಡ್‌ರೂಮೂ ಅಲ್ಲ, ಏನೂ ಬೇಡವಾಗಿತ್ತು.

ನಾನು ಮೊದಲು ಕೇಳಿದ್ದು ಸಹಿ ಹಾಕಿದ ದಿನಾಂಕ. ಐದು ದಿನ ಆಗಿತ್ತು. ಕಾಗದ ತಂದಿದ್ದೀರಾ ಎಂದೆ. ತಂದಿದ್ದರು, ಓದಿರಲಿಲ್ಲ. ಹಿಂಭಾಗದ ಸಣ್ಣ ಅಕ್ಷರದಲ್ಲಿ 10 ದಿನದೊಳಗೆ ರದ್ದು ಮಾಡಬಹುದು ಎಂಬ ಕಲಂ ಇತ್ತು. ನಮ್ಮಲ್ಲಿ ಟೈಮ್‌ಶೇರ್‌ಗೆ ಅಂತಲೇ ಬೇರೆ ಕಾನೂನಿಲ್ಲ. ಹಾಗಾಗಿ ಇಂಥ ಗಡುವು ನಿಮ್ಮ ಕರಾರಿನಲ್ಲಿ ಹೇಗಿದೆ ಅನ್ನುವುದೇ ಮುಖ್ಯ. ನಾನು ವಕೀಲೆ ಅಲ್ಲ, ಆದರೆ ಗಡುವು ಓಡುತ್ತಿರುವಾಗ ಮನಸ್ಸಿನ ಮಾತು ಆಮೇಲೆ ಅನ್ನುವಷ್ಟು ಬುದ್ಧಿ ಇದೆ. ಇನ್ನೈದು ದಿನ ಇದೆ, ಮೂರು ದಿನದಲ್ಲಿ ತೀರ್ಮಾನ ಮಾಡೋಣ ಎಂದೆ.

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ಕಳೆದ ಮೂರು ವರ್ಷದಲ್ಲಿ ಮನೆ ಬಿಟ್ಟು ಎಲ್ಲೆಲ್ಲಿ ಮಲಗಿದ್ದೀರಿ, ಒಬ್ಬರನ್ನೊಬ್ಬರು ಕೇಳದೆ ಬರೆಯಿರಿ.

ಅವರ ಹಾಳೆಯಲ್ಲಿ 14 ರಾತ್ರಿ. ಗೋವಾ 2, ಗೋಕರ್ಣ 2, ಮಂತ್ರಾಲಯ 1, ಮೈಸೂರು 3, ಉಳಿದ 6 ಮದುವೆ ಮನೆಗಳು. ಆಕೆಯ ಹಾಳೆಯಲ್ಲಿ 36. ಅವರು ಹುಬ್ಬೇರಿಸಿ "ಎಲ್ಲಿಗೆ ಹೋಗಿದ್ದಿ?" ಅಂದರು. ಹೆಚ್ಚಿನ 22 ರಾತ್ರಿಯೂ ಗದಗಿನ ತವರುಮನೆ. "ಅದು ರಜಾನೇನ್ರೀ?" ಎಂದು ನಾನು ಕೇಳಿದೆ. ಆಕೆ ನಕ್ಕರು. "ಅಲ್ಲೂ ನಾನ ರೊಟ್ಟಿ ಬಡೀತೀನಿ."

ಮದುವೆ ಬಿಟ್ಟರೆ ನಾಲ್ವರೂ ಒಟ್ಟಿಗೆ ಹೋಗಿದ್ದು ಮೂರು ವರ್ಷದಲ್ಲಿ 8 ರಾತ್ರಿ. ವರ್ಷಕ್ಕೆ ಮೂರೂ ಇಲ್ಲ. ಆಗ ಆಕೆ ಕೇಳಿದ ಮಾತೇ ಮೇಲಿನ ಶೀರ್ಷಿಕೆ. ಅವರು ಉತ್ತರ ಕೊಡಲಿಲ್ಲ.

ಲೆಕ್ಕಕ್ಕೆ ಬಂದೆವು. ಇದನ್ನು ನಾನು ಹೇಳಲಿಲ್ಲ, ಅವರ ಕೈಲೇ ಮಾಡಿಸಿದೆ. ವ್ಯಾಪಾರಿ ಅಲ್ವಾ, ತಾನು ಹಾಕಿದ ಲೆಕ್ಕವನ್ನೇ ನಂಬುತ್ತಾರೆ. 11 ಲಕ್ಷವನ್ನು ಬ್ಯಾಂಕಿನಲ್ಲಿ ನೂರಕ್ಕೆ ಆರೂವರೆಯಂತೆ ಇಟ್ಟರೆ ವರ್ಷಕ್ಕೆ 71,500 ಬಡ್ಡಿ. ಮೆಂಬರ್‌ಶಿಪ್‌ನ ವಾರ್ಷಿಕ ಶುಲ್ಕ 24,000, ಜಿಎಸ್‌ಟಿ ಬೇರೆ. ಎರಡೂ ಸೇರಿ 95,500. ಏಳು ರಾತ್ರಿ ಪೂರ್ತಿ ಬಳಸಿದರೆ ರಾತ್ರಿಗೆ 13,600. ಈಗಿನಂತೆ ಮೂರೇ ರಾತ್ರಿ ಹೋದರೆ 31,800. ಅವರು ಕ್ಯಾಲ್ಕುಲೇಟರ್ ಒತ್ತಿ ಇನ್ನೊಮ್ಮೆ ಒತ್ತಿದರು. 5 ಲಕ್ಷದ್ದಕ್ಕೆ ಶುಲ್ಕ 15,000. ಮೂರು ರಾತ್ರಿಯ ಲೆಕ್ಕದಲ್ಲಿ ಅದೂ ರಾತ್ರಿಗೆ 15,800 ದಾಟಿತು.

ಶುಲ್ಕವೂ ನಿಂತಲ್ಲೇ ನಿಲ್ಲುವುದಿಲ್ಲ. ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೂ 25 ವರ್ಷದಲ್ಲಿ ಶುಲ್ಕವೇ 13 ಲಕ್ಷ ದಾಟುತ್ತದೆ, ಅಂದರೆ ಕೊಂಡ ಬೆಲೆಗಿಂತ ಜಾಸ್ತಿ. ಹೋಟೆಲ್ ಬಾಡಿಗೆಯೂ ಏರುತ್ತದೆ, ನಿಜ. ಪ್ರತಿ ವರ್ಷ ಏಳು ರಾತ್ರಿ ತಪ್ಪದೆ ಹೋಗುವ ಕುಟುಂಬಕ್ಕೆ ಇದು ಹೊಂದಬಹುದು. ಅಂಥವರನ್ನೂ ನೋಡಿದ್ದೇನೆ. ಆದರೆ ಎಷ್ಟು ಕೊಳ್ಳಬೇಕು ಅನ್ನುವುದನ್ನು ನಿಮ್ಮ ಅತಿ ಒಳ್ಳೆಯ ವರ್ಷ ನೋಡಿ ಅಳೆಯಬೇಡಿ, ಅತಿ ಕೆಟ್ಟ ವರ್ಷ ನೋಡಿ ಅಳೆಯಿರಿ ಎಂದೆ. ಕಡಿಮೆ ಬಿದ್ದರೆ ರೂಮು ಬಾಡಿಗೆಗೆ ಸಿಗುತ್ತದೆ. ಹೆಚ್ಚಾದರೆ ಮಾರುವುದು ಬಹಳ ಕಷ್ಟ.

ಮುಂದಿನ ವರ್ಷ ಮಗಳ ಎಸ್ಸೆಸ್ಸೆಲ್ಸಿ. ಆಮೇಲೆ ಪಿಯುಸಿ ಎರಡು ವರ್ಷ. ಮೂರು ವರ್ಷ ಈ ಮನೆ ಎಲ್ಲಿಗೂ ಅಲ್ಲಾಡುವುದಿಲ್ಲ, ಶುಲ್ಕ ಮಾತ್ರ ಹೋಗುತ್ತಿರುತ್ತದೆ. ಸೀಸನ್ ಕೂಡ ನೋಡಬೇಕು. ಇವರಿಗೆ ದಸರಾ ಇಲ್ಲವೇ ಬೇಸಿಗೆ ರಜೆ ಬಿಟ್ಟರೆ ಆಗದು. ಅದೇ ಎಲ್ಲರಿಗೂ ಬೇಕಾದ ದಿನ. ಅಗ್ಗದ ಸೀಸನ್ ತೆಗೆದುಕೊಂಡರೆ ಮಕ್ಕಳಿಗೆ ಶಾಲೆ.

ಇಷ್ಟಾದರೂ ಅವರು ಎರಡು ಬೆಡ್‌ರೂಮ್ ಬಿಡಲಿಲ್ಲ. ಅಲ್ಲಿಗೆ ನನಗೆ ಲೆಕ್ಕದ ಮಾತು ಸಾಕು ಅನ್ನಿಸಿತು. "ಆ ಎರಡನೇ ರೂಮಿನ್ಯಾಗ ಯಾರ್ ಮಲಗ್ತಾರ್ರೀ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಅಣ್ಣನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ತಮ್ಮ ಪುಣೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಪಾಲಾಯಿತು, ಮಾತೂ ಅಷ್ಟಕ್ಕಷ್ಟೇ. "ವರ್ಷಕ್ಕೊಮ್ಮೆ ಆದ್ರೂ ಅವ್ವನ ಮುಂದ ಎಲ್ಲಾರೂ ಒಂದ್ ಕಡೆ ಕೂತು ಉಣಬೇಕು ಅಂತ್ರೀ."

"ಅವರನ್ನ ಕೇಳೀರೇನು?"

"ಇಲ್ರೀ. ಮೊದ್ಲ ತಗೊಂಡು ಆಮ್ಯಾಲೆ ಹೇಳೋಣು ಅಂತ."

ಆಕೆ ಗಂಡನ ಕಡೆ ನೋಡಿದರು. ಇದು ಆಕೆಗೂ ಹೊಸದು. ಹದಿನಾರು ವರ್ಷದ ಸಂಸಾರದಲ್ಲಿ ಇಂಥ ಮಾತು ಸೇಲ್ಸ್‌ನವನ ಮುಂದೆ ಬಂದಿತ್ತು, ಹೆಂಡತಿಯ ಮುಂದೆ ಬಂದಿರಲಿಲ್ಲ. ಆಕೆಗೂ ನಾನು ಹೇಳಿದೆ: ಬೇಡ ಅನ್ನಿಸಿದ್ದನ್ನು ಅಲ್ಲೇ ಹೇಳಬೇಕಿತ್ತು, ಸಹಿ ಹಾಕಿ ಅತ್ತರೆ ಅವರಿಗೆ ತಿಳಿಯುವುದಾದರೂ ಹೇಗೆ? ಆಕೆಗೆ ಸಿಟ್ಟು ಬಂತು. ಬರಲಿ.

ಅವತ್ತು ಮೂರೇ ಕೆಲಸ ಹೇಳಿ ಕಳಿಸಿದೆ. ಅಣ್ಣ ತಮ್ಮ ಇಬ್ಬರಿಗೂ ಇವತ್ತೇ ಫೋನ್ ಮಾಡಿ, ಯಾವ ತಿಂಗಳು ಬಿಡುವು ಎಂದು ಕೇಳಿ. ಅವ್ವನನ್ನು ಕೇಳಿ, ಎಷ್ಟು ರಾತ್ರಿ ಹೊರಗೆ ಮಲಗಬಲ್ಲರು ಎಂದು. ರದ್ದು ಮಾಡುವುದಾದರೆ ಫೋನಿನಲ್ಲಿ ಬೇಡ. ಇಮೇಲ್ ಕಳಿಸಿ, ಅದೇ ಪತ್ರ ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ, ರಸೀದಿ ಇಟ್ಟುಕೊಳ್ಳಿ. ಹಣ ಕೊಡಲು ಸತಾಯಿಸಿದರೆ ಗ್ರಾಹಕರ ಸಹಾಯವಾಣಿ 1915. 2019ರ ಗ್ರಾಹಕ ಕಾಯ್ದೆಯಲ್ಲಿ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ.

ಎರಡು ದಿನ ಬಿಟ್ಟು ಬಂದರು. ಅಣ್ಣನಿಗೆ ಮೆಣಸಿನಕಾಯಿ ಸೀಸನ್, ಜನವರಿಯಿಂದ ಏಪ್ರಿಲ್ ತನಕ ಉಸಿರಾಡಲೂ ಪುರುಸೊತ್ತಿಲ್ಲ. ತಮ್ಮ "ನೋಡೋಣ" ಅಂದಿದ್ದ. ಅವ್ವ ಎರಡು ರಾತ್ರಿ ಸಾಕು ಅಂದರು, ಅದೂ ಕೆಳಗಿನ ರೂಮಾದರೆ. ಎಲ್ಲ ಸೇರಿದರೆ ಹನ್ನೆರಡು ಜನ. ಎರಡು ಬೆಡ್‌ರೂಮಿಗೂ ಹಿಡಿಯುತ್ತಿರಲಿಲ್ಲ.

ಎಂಟನೇ ದಿನ ರದ್ದು ಪತ್ರ ಹೋಯಿತು. ಹಣ ಬರಲು ಏಳು ವಾರ ಹಿಡಿಯಿತು, ನಡುವೆ "ಸಣ್ಣ ಪ್ಲಾನ್ ಆದ್ರೂ ತಗೊಳ್ಳಿ" ಎಂದು ನಾಲ್ಕೈದು ಫೋನ್. ಪ್ರತಿ ಸಲ ಫೋನ್ ಎತ್ತಿದ್ದು ಆಕೆ.

ದಸರಾದಲ್ಲಿ ದಾಂಡೇಲಿಯ ಹತ್ತಿರ ಒಂದು ಹೋಂಸ್ಟೇಯಲ್ಲಿ ಮೂರು ರೂಮು, ಎರಡು ರಾತ್ರಿ ಹಿಡಿದರು. ಬ್ಯಾಡಗಿಯವರು ಬಂದರು. ಪುಣೆಯವನು ಬರಲಿಲ್ಲ, ವಿಡಿಯೋ ಕಾಲ್ ಮಾಡಿ ಅವ್ವನ ಹತ್ತಿರ ಅರ್ಧ ತಾಸು ಮಾತಾಡಿದ. ಅಂಗಡಿಗೆ ಎಷ್ಟು ಸಲ ಫೋನ್ ಮಾಡಿದಿರಿ ಎಂದು ಕೇಳಿದೆ. ಅವರು ಎರಡು ಅಂದರು, ಆಕೆ ಆರು ಅಂದರು.